ಜಾತ್ರೆ ಬಿಟ್ಟವರು

ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಜಾತ್ರೆಯಲ್ಲಿ ಒಣಕೊಬ್ಬರಿ ಸುಡುವ ಹರಕೆಯಿದೆ. ರಾಶಿಗಟ್ಟಲೆ ಕೊಬ್ಬರಿ ಉರಿದು ದಟ್ಟ ಹೊಗೆ ಏಳುತ್ತದೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆಯಿಂದಲೂ ಭಕ್ತರು ಹೋಗುತ್ತಾರೆ. ‘ನಂಗೆ ಹೊಗೆ ಆಗ್ಬರಲ್ಲ, ನೀವು ಹೋಗ್ಬನ್ನಿ’ ಎಂದು ಮನೆಯಲ್ಲೇ ಉಳಿಯುವ ದೊಡ್ಡಮ್ಮಂದಿರೂ ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲಿ ಕಡಿಮೆಯಿಲ್ಲ. ಉಬ್ಬಸ ಇರುವವರು ಮೊದಲು ಬಿಡುವುದು ಜಾತ್ರೆಯನ್ನು. ಆಮೇಲೆ ಮೆಕ್ಕೆಜೋಳದ ಒಕ್ಕಣೆ, ಶೇಂಗಾ ಬಿಡಿಸುವುದು, ಹಬ್ಬಕ್ಕೆ ಅಟ್ಟದ ಧೂಳು ಹೊಡೆಯುವುದು. ನೆಂಟರು ಬಂದಾಗ ಕೋಟೆ ತೋರಿಸಲು ಹೋದರೆ ಇವರು ಕೆಳಗಿನ ಬಾಗಿಲಲ್ಲೇ ಚೀಲ ಕಾಯುತ್ತ ಕೂರುತ್ತಾರೆ.

ಇಂಥವರನ್ನು ಡಾಕ್ಟರು ‘ಹೇಗಿದೀರಮ್ಮ?’ ಎಂದು ಕೇಳಿದರೆ ‘ಪರವಾಗಿಲ್ಲ ಸಾರ್’ ಎನ್ನುತ್ತಾರೆ. ಸುಳ್ಳೇನಲ್ಲ. ದಮ್ಮು ಕಟ್ಟಿಸುವ ಕೆಲಸಗಳನ್ನೆಲ್ಲ ಒಂದೊಂದಾಗಿ ಕೈಬಿಟ್ಟ ಮೇಲೆ ದಮ್ಮು ಕಟ್ಟುವುದು ಕಡಿಮೆಯಾಗಲೇಬೇಕಲ್ಲ! ಅದನ್ನು ಕಾಯಿಲೆ ಹತೋಟಿಗೆ ಬಂದ ಲಕ್ಷಣವೆಂದು ಬರೆದುಕೊಂಡರೆ ಮಾತ್ರ ಲೆಕ್ಕ ತಪ್ಪುತ್ತದೆ.

ಹತೋಟಿಯನ್ನು ಅಳೆಯಲು ವೈದ್ಯಲೋಕ ಒಪ್ಪಿಕೊಂಡಿರುವ ಪ್ರಶ್ನೆಗಳು ನಾಲ್ಕೇ. ಕಳೆದ 4 ವಾರದಲ್ಲಿ ಹಗಲು ಹೊತ್ತು ವಾರಕ್ಕೆ 2ಕ್ಕಿಂತ ಹೆಚ್ಚು ಸಲ ಉಬ್ಬಸ ಬಂತೇ? ಉಬ್ಬಸದಿಂದ ರಾತ್ರಿ ಎಚ್ಚರವಾಯಿತೇ? ತಕ್ಷಣ ಆರಾಮ ಕೊಡುವ ಪಂಪನ್ನು (ಇನ್‌ಹೇಲರ್) ವಾರಕ್ಕೆ 2ಕ್ಕಿಂತ ಹೆಚ್ಚು ಸಲ ಎಳೆದಿರಾ? ಉಬ್ಬಸಕ್ಕೆ ಹೆದರಿ ಯಾವುದಾದರೂ ಕೆಲಸ ಬಿಟ್ಟಿರಾ? ನಾಲ್ಕಕ್ಕೂ ‘ಇಲ್ಲ’ ಎಂದರಷ್ಟೇ ಅಸ್ತಮಾ ಹತೋಟಿಯಲ್ಲಿದೆ ಎಂದರ್ಥ. ನಾಲ್ಕನೆಯದನ್ನು ಕೇಳುವವರೇ ಕಡಿಮೆ. ನಡುರಾತ್ರಿ ದಿಂಬಿಗೆ ಒರಗಿ ಕೂರುವುದನ್ನಂತೂ ನಮ್ಮವರು ಹೇಳುವುದೇ ಇಲ್ಲ, ‘ಚಳಿಗಾಲ ಅಲ್ವಾ’ ಎಂದು ತಾವೇ ಸಮಾಧಾನ ಮಾಡಿಕೊಳ್ಳುತ್ತಾರೆ.

ನಮ್ಮ ಸೀಮೆಯ ಗಾಳಿಯನ್ನೂ ಬೈಯಬಹುದು. ಜೋಗಿಮಟ್ಟಿಯ ಗಾಳಿಯಂತ್ರ ತಿರುಗಿಸುವ ಗಾಳಿಯೇ ಬಯಲಿನ ಧೂಳನ್ನೂ ಎಬ್ಬಿಸುತ್ತದೆ. ಭೀಮಸಮುದ್ರದ ಸುತ್ತ ಅದಿರು ಲಾರಿಗಳ ಕೆಂಧೂಳು, ರಸ್ತೆಬದಿಯ ಪಾರ್ಥೇನಿಯಂ, ಇನ್ನೂ ಆರದ ಸೌದೆ ಒಲೆ. ಆದರೆ ಅಸ್ತಮಾ ಬರೀ ಧೂಳಿನ ಕಾಯಿಲೆಯಲ್ಲ. ಶ್ವಾಸನಾಳದ ಒಳಪದರ ಸದಾ ಊದಿಕೊಂಡಿರುತ್ತದೆ, ಧೂಳು ಅದನ್ನು ಕೆಣಕುತ್ತದೆ ಅಷ್ಟೆ. ನೀಲಿ ಪಂಪಿನ ಸಾಲ್ಬುಟಮಾಲ್ ನಾಳದ ಸುತ್ತಲಿನ ಸ್ನಾಯುವನ್ನು ಕೆಲವು ಗಂಟೆ ಸಡಿಲಿಸುತ್ತದೆ, ಊತ ಹಾಗೇ ಉಳಿಯುತ್ತದೆ. ಊತ ಇಳಿಸುವುದು ಬುಡೆಸೊನೈಡ್‌ನಂಥ ಸ್ಟೀರಾಯ್ಡ್ ಪಂಪು. ನೀಲಿ ಪಂಪೊಂದನ್ನೇ ನೆಚ್ಚಿಕೊಳ್ಳಬೇಡಿ ಎಂದು ಅಂತರರಾಷ್ಟ್ರೀಯ ಮಾರ್ಗಸೂಚಿ 2019ರಿಂದಲೇ ಹೇಳುತ್ತಿದೆ.

ಇಲ್ಲಿಗೆ ಬಂದಾಗ ಅಡ್ಡ ಬರುವುದು ಭಯ. ‘ಪಂಪು ಹಿಡಿದ್ರೆ ಬಿಡೋಕಾಗಲ್ಲ’, ‘ಅದು ಕೊನೇ ಔಷಧಿ’, ‘ಹುಡುಗಿ ಕೈಲಿ ಪಂಪು ಕಂಡ್ರೆ ಸಂಬಂಧ ಕೂಡಿ ಬರುತ್ತಾ?’ ಪಂಪಿಗೆ ಹೆದರಿದವರೇ ಸ್ಟೀರಾಯ್ಡ್ ಮಾತ್ರೆಯನ್ನೂ ಸೂಜಿಯನ್ನೂ ಹೆದರದೆ ತೆಗೆದುಕೊಳ್ಳುತ್ತಾರೆ. ಲೆಕ್ಕ ಹಾಕಿ ನೋಡಿ: ಬುಡೆಸೊನೈಡ್ ಪಂಪಿನ ಒಂದು ಎಳೆತದಲ್ಲಿ ಸಾಮಾನ್ಯವಾಗಿ ಇರುವುದು 200 ಮೈಕ್ರೋಗ್ರಾಂ, ಅದೂ ಉಸಿರಿನ ಜೊತೆ ನೇರ ಶ್ವಾಸನಾಳಕ್ಕೆಂದು ಕೊಡುವುದು. ಪ್ರೆಡ್ನಿಸೊಲೋನ್‌ನ 5 ಮಿಲಿಗ್ರಾಂ ಮಾತ್ರೆಯೊಂದರಲ್ಲಿ 5,000 ಮೈಕ್ರೋಗ್ರಾಂ, ಅದು ಇಡೀ ಮೈಗೆ. ಎರಡರ ಶಕ್ತಿ ಒಂದೇ ಅಲ್ಲ, ಸರಿ. ಆದರೆ ಮುಖ ಊದುವುದು, ಸಕ್ಕರೆ ಏರುವುದು, ಮೂಳೆ ಸವೆಯುವುದು ಹೆಚ್ಚಾಗಿ ಯಾವುದರಿಂದ ಎಂಬುದು ಬಲ್ಲವರಿಗೆ ಗೊತ್ತು. ವರ್ಷಕ್ಕೊಮ್ಮೆ ಮೃಗಶಿರಾ ಮಳೆಯ ಹೊತ್ತಿಗೆ ಹೈದರಾಬಾದಿಗೆ ಹೋಗಿ ಉಬ್ಬಸದ ಮದ್ದೆಂದು ಜೀವಂತ ಮೀನು ನುಂಗಿ ಬರುವವರ ನಂಬಿಕೆಯನ್ನು ನಾನು ಗೇಲಿ ಮಾಡಲಾರೆ. ಅಷ್ಟು ದೂರ ಹೋಗುವವರಿಗೆ ಗುಣವಾಗುವ ಹಂಬಲ ಇದ್ದೇ ಇರುತ್ತದೆ. ಆ ಹಂಬಲವನ್ನು ದಿನಾ ಬೆಳಗ್ಗೆ ಸಂಜೆ ಪಂಪು ಎಳೆಯುವಷ್ಟು ಉಳಿಸಿಕೊಳ್ಳುವುದು ಕಷ್ಟ. ಉಬ್ಬಸ ನಿಂತ ವಾರವೇ ಪಂಪು ಗೂಡು ಸೇರುತ್ತದೆ.

ಎಳೆಯುವ ಕ್ರಮವೂ ಬಹಳಷ್ಟು ಜನರಿಗೆ ತಪ್ಪು. ಉಸಿರನ್ನು ಪೂರ್ತಿ ಹೊರಗೆ ಬಿಟ್ಟು, ಸ್ಪ್ರೇ ಪಂಪಾದರೆ ನಿಧಾನ, ಪುಡಿಯದಾದರೆ ಜೋರಾಗಿ ಎಳೆದು, 10 ಸೆಕೆಂಡು ಹಿಡಿಯಬೇಕು; ಸ್ಟೀರಾಯ್ಡ್ ಪಂಪಾದರೆ ಆಮೇಲೆ ಬಾಯಿ ಮುಕ್ಕಳಿಸಬೇಕು. ಪುಡಿ ಎಳೆಯಲು ಕೊಟ್ಟ ಕ್ಯಾಪ್ಸೂಲನ್ನು ನೀರಿನ ಜೊತೆ ನುಂಗಿಬಿಟ್ಟವರ ಕಥೆಯನ್ನು ಔಷಧಿ ಅಂಗಡಿಯವರು ನಗುತ್ತಾ ಹೇಳುತ್ತಾರೆ. ನಗುವ ಬದಲು ಅಲ್ಲೇ ಒಮ್ಮೆ ಎಳೆದು ತೋರಿಸಿದ್ದರೆ?

2025ರ ವಿಶ್ವ ಅಸ್ತಮಾ ದಿನದ ಘೋಷಣೆ ಪಂಪು ಎಲ್ಲರ ಕೈಗೆ ಸಿಗಬೇಕೆಂಬುದಾಗಿತ್ತು. ಬುಡೆಸೊನೈಡ್ ನಮ್ಮ ದೇಶದ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ. ಆ ಪಟ್ಟಿಯಲ್ಲಿರುವುದು ಹಳ್ಳಿಯ ಆಸ್ಪತ್ರೆಯ ಕಪಾಟಿನಲ್ಲೂ ತಿಂಗಳು ತಿಂಗಳು ಇರಬೇಕು. ಬಿಪಿ, ಶುಗರ್ ನೋಡಲು ಮನೆಗೆ ಬರುವ ಆಶಾ ಅಕ್ಕನ ಬಾಯಲ್ಲಿ ಆ ನಾಲ್ಕು ಪ್ರಶ್ನೆಗಳೂ ಇರಲಿ, ಅದಕ್ಕೆ ಯಂತ್ರ ಬೇಡ, ಬೆರಳಿಗೆ ಚುಚ್ಚುವುದೂ ಬೇಡ. ಕೊನೆಯದನ್ನು ಮೊದಲು ಕೇಳಲಿ: ‘ದೊಡ್ಡಮ್ಮ, ಈ ಸಲ ಜಾತ್ರೆಗೆ ಯಾಕೆ ಹೋಗಲಿಲ್ಲ?’