ಅಶ್ವಾರೋಹಣ ಮತ್ತು ಆತ್ಮಪರೀಕ್ಷೆ

ತನ್ನ ಸಾಮರ್ಥ್ಯದ ವಿಷಯದಲ್ಲಿ ಮನುಷ್ಯನು ತಾನೇ ತೀರ್ಪು ಕೊಟ್ಟುಕೊಳ್ಳಬೇಕಾದ ಸಂದರ್ಭಗಳು ಅನೇಕ. ತೀರ್ಪು ತಪ್ಪಿದರೆ ಬಹುಮಟ್ಟಿಗೆ ನಷ್ಟವೂ ಅವನದೇ. ಈಜು ಬಾರದೆ ಹೊಳೆಗಿಳಿದವನು ತಾನೇ ಮುಳುಗುತ್ತಾನೆ. ಕುದುರೆ ಸವಾರಿಯ ವಿಷಯ ಹಾಗಲ್ಲ. “ಸವಾರಿ ಬರುತ್ತದೆ” ಎಂದು ಒಬ್ಬನು ಆಡಿದ ಮಾತಿನ ಫಲವನ್ನು ಮಾತು ಬಾರದ ಇನ್ನೊಂದು ಪಂಚೇಂದ್ರಿಯ ಜೀವವು ತನ್ನ ಬೆನ್ನಿನಿಂದಲೂ ಬಾಯಿಯಿಂದಲೂ ಅನುಭವಿಸಬೇಕಾಗುತ್ತದೆ.

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಗೆ ಕುದುರೆ ಹೊಸದಲ್ಲ. ಕದಂಬರ ಹಾನಗಲ್ಲೂ ನವಾಬರ ಸವಣೂರೂ ಕುದುರೆಯ ಬಲದ ಮೇಲೆ ರಾಜ್ಯ ನಡೆದ ಕಾಲವನ್ನು ಕಂಡಿವೆ. ಈಗ ಶ್ರಾವಕ ಕುಟುಂಬಗಳಿಗೆ ಅದರ ಸಂಪರ್ಕ ಒದಗುವುದು ಹೆಚ್ಚಾಗಿ ಮದುವೆಯ ಮೆರವಣಿಗೆಯಲ್ಲಿ, ಪಂಚಕಲ್ಯಾಣದ ಶೋಭಾಯಾತ್ರೆಯಲ್ಲಿ, ಇಲ್ಲವೇ ಮಕ್ಕಳೊಡನೆ ಊಟಿಗೋ ಮಾಥೇರಾನಿಗೋ ಹೋದಾಗ. ಆಗ ಕುದುರೆಯವನು ಕೇಳುವ ಮೊದಲ ಪ್ರಶ್ನೆ “ಮೊದಲು ಏರಿದ್ದೀರಾ?” ಎಂಬುದು. ಉತ್ತರ ಸಾಮಾನ್ಯವಾಗಿ ಸುತ್ತ ನಿಂತವರನ್ನು ನೋಡಿಕೊಂಡು ಬರುತ್ತದೆ.

ಹತ್ತು ಸಲ ಏರಿದ್ದೇನೆ ಎನ್ನುವವನು ಹತ್ತು ಸಲವೂ ಬೇರೊಬ್ಬನು ಹಗ್ಗ ಹಿಡಿದು ನಡೆಸಿದ ಸಾಧು ಕುದುರೆಯ ಮೇಲೆ ಕುಳಿತಿರಬಹುದು. ಅದು ಕುಳಿತ ಅನುಭವ, ಸವಾರಿಯ ಅನುಭವವಲ್ಲ. ಪಟಾಕಿಯ ಸದ್ದಿಗೆ ಕುದುರೆ ಬೆಚ್ಚಿದಾಗ ಅದನ್ನು ನಿಲ್ಲಿಸಿದ್ದುಂಟೇ? ಲಗಾಮನ್ನು ಆಸರೆಯಾಗಿ ಹಿಡಿಯದೆ ತನ್ನ ಸಮತೋಲದಿಂದಲೇ ಕುಳಿತಿರಬಲ್ಲನೇ? ಈ ಎರಡನೆಯದು ಬಹಳ ಮುಖ್ಯ. ಸಮತೋಲ ತಪ್ಪಿದವನು ಲಗಾಮಿಗೆ ಜೋತುಬೀಳುತ್ತಾನೆ. ಕಡಿವಾಣವು ಕುದುರೆಯ ನಾಲಗೆಯನ್ನೂ ದವಡೆಯ ಹಲ್ಲಿಲ್ಲದ ಮೆತ್ತನೆಯ ಭಾಗವನ್ನೂ ಒತ್ತುತ್ತದೆ. ಓಟದ ಲಯ ತಿಳಿಯದವನು ಹೆಜ್ಜೆ ಹೆಜ್ಜೆಗೂ ಅದರ ಬೆನ್ನಿನ ಮೇಲೆ ಕುಕ್ಕುತ್ತಾನೆ. ಸವಾರನಿಗೆ ಮರುದಿನ ತೊಡೆ ನೋಯುತ್ತದೆ, ಅದನ್ನು ಮನೆಯವರೆಲ್ಲ ಕೇಳುತ್ತಾರೆ. ಕುದುರೆಯಾದರೋ ಬೇಟೆಗೆ ಈಡಾಗುವ ಪ್ರಾಣಿಗಳ ಕುಲದ್ದು. ನೋವನ್ನು ಅಡಗಿಸಿಕೊಳ್ಳುವುದು ಅದರ ಸ್ವಭಾವ.

ತೂಕದ ಮಾತೂ ಇದೆ. ಸವಾರನೂ ಜೀನೂ ಸೇರಿ ಕುದುರೆಯ ತೂಕದ ಐದನೆಯ ಒಂದು ಭಾಗವನ್ನು ಮೀರಬಾರದೆಂಬುದು ಸಾಮಾನ್ಯ ಲೆಕ್ಕ. 250 ಕಿಲೋ ತೂಗುವ ನಾಡತಟ್ಟುವಿಗೆ 50 ಕಿಲೋ ಆಯಿತು. ಪೇಟ, ಜರತಾರಿ, ಒಡವೆಗಳೊಡನೆ ಏರುವ ಗೃಹಸ್ಥರು ಈ ಲೆಕ್ಕವನ್ನು ಮನೆಯಲ್ಲೇ ಮಾಡಿಕೊಳ್ಳಬಹುದು.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅತಿಭಾರಾರೋಪಣವನ್ನು ಎಣಿಸಿದೆ. ಇದನ್ನು ಎತ್ತು ಗಾಡಿಗಳ ಮಾತೆಂದು ಓದಿ ಮುಂದೆ ಹೋಗುವುದು ರೂಢಿ. ಆದರೆ ಭಾರವೆಂಬುದು ಕೇವಲ ಕಿಲೋಗಳಲ್ಲಿಲ್ಲ. ಬಲ್ಲವನ 60 ಕಿಲೋಗಿಂತ ಅರಿಯದವನ 50 ಕಿಲೋ ಪ್ರಾಣಿಗೆ ಹೆಚ್ಚು ತ್ರಾಸದಾಯಕವಾಗಬಹುದು. ಅದೇ ಗ್ರಂಥದ ಆರನೆಯ ಅಧ್ಯಾಯವು ತನ್ನಲ್ಲಿಲ್ಲದ ಗುಣವನ್ನು ಪ್ರಕಟಿಸುವುದನ್ನು ನೀಚಗೋತ್ರದ ಆಸ್ರವಕ್ಕೆ ಕಾರಣವೆಂದು ಹೇಳುತ್ತದೆ. ಒಂದು ಮಾನಕಷಾಯದ ವಿಷಯ, ಇನ್ನೊಂದು ಹಿಂಸೆಯ ವಿಷಯ. ಬಾರದ ಸವಾರಿಯನ್ನು ಬರುತ್ತದೆಂದವನಲ್ಲಿ ಇವೆರಡೂ ಒಂದೇ ಕ್ಷಣದಲ್ಲಿ ಕೂಡುತ್ತವೆ.

ಹಾಗಾದರೆ ಬಲ್ಲವನೂ ವಿನಯಕ್ಕಾಗಿ ಹಿಂದೆ ಸರಿಯಬೇಕೇ? ಅದೂ ಸಲ್ಲದು. ಷೋಡಶಭಾವನೆಗಳಲ್ಲಿ ತ್ಯಾಗವನ್ನೂ ತಪಸ್ಸನ್ನೂ ಶಕ್ತಿಗನುಸಾರ ಎಂದೇ ಹೇಳಲಾಗಿದೆ. ಶಕ್ತಿಯನ್ನು ಬಚ್ಚಿಡುವವನೂ ಅಳತೆ ತಪ್ಪಿದವನೇ. ಆದರೆ ಶಕ್ತಿಯನ್ನು ಅಳೆಯುವವರು ಯಾರು?

ಇದಕ್ಕೆ ಶಿಗ್ಗಾಂವಿ ತಾಲೂಕಿನ ಬಂಕಾಪುರವೇ ಒಂದು ಉತ್ತರ ಕೊಡುತ್ತದೆ. ಗಂಗರ ಮಾರಸಿಂಹನು ಅನೇಕ ಯುದ್ಧಗಳನ್ನು ಗೆದ್ದ ಅರಸು. ಕ್ರಿ.ಶ. 974ರ ಸುಮಾರಿಗೆ ಆತನು ಬಂಕಾಪುರಕ್ಕೆ ಬಂದು ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಸಲ್ಲೇಖನದಿಂದ ದೇಹ ಬಿಟ್ಟನು. ಆ ವ್ರತಕ್ಕೆ ತಾನು ಸಿದ್ಧನೆಂದು ಸಾಧಕನು ತಾನೇ ನಿಶ್ಚಯಿಸಿದರೆ ಸಾಲದು. ಗುರುವು ಪರೀಕ್ಷಿಸಿ ಅನುಮತಿಸಬೇಕು. ಆತನ ಸೋದರಳಿಯ, ರಾಷ್ಟ್ರಕೂಟರ ನಾಲ್ಕನೆಯ ಇಂದ್ರನು ಕುದುರೆಯ ಮೇಲೆ ಆಡುವ ಚೆಂಡಾಟದಲ್ಲಿ ಅಸಮಾನನೆಂದು ಶ್ರವಣಬೆಳಗೊಳದ ಶಾಸನ ಹೊಗಳುತ್ತದೆ. ಅಷ್ಟು ಬಲ್ಲ ಸವಾರನೂ 982ರಲ್ಲಿ ಅಲ್ಲಿಯೇ ಅದೇ ವ್ರತವನ್ನು ಸ್ವೀಕರಿಸಿದನು.

ಲೌಕಿಕದಲ್ಲಿಯೂ ನಡೆ ಬೇರೆಯಲ್ಲ. ಬೆಂಗಳೂರಿನ ಫವಾದ್ ಮಿರ್ಜಾ 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿ ಪದಕ ಗೆದ್ದವರು; 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಭಾಗವಹಿಸಿದವರು. ಆ ಸ್ಪರ್ಧೆಗೆ ಹೋಗಲು ಸವಾರನು ತನ್ನನ್ನು ತಾನು ನಿಪುಣನೆಂದುಕೊಂಡರೆ ಸಾಲದು. ಮೊದಲು ನಿಗದಿತ ಸ್ಪರ್ಧೆಗಳಲ್ಲಿ ನಿಗದಿತ ಮಟ್ಟವನ್ನು ಮುಟ್ಟಿರಬೇಕು. ಕುದುರೆಯನ್ನೂ ಪಶುವೈದ್ಯರು ನಡೆಸಿ, ಓಡಿಸಿ ನೋಡುತ್ತಾರೆ.

ಬಸದಿಯ ಟ್ರಸ್ಟುಗಳಲ್ಲಿ ಶೋಭಾಯಾತ್ರೆಯ ಕುದುರೆಯ ಮೇಲಿನ ಸ್ಥಾನವನ್ನು ಸವಾಲಿನಿಂದ ನಿರ್ಣಯಿಸುವ ಪದ್ಧತಿಯುಂಟು. ಸವಾಲು ಭಕ್ತಿಯನ್ನೂ ಔದಾರ್ಯವನ್ನೂ ಅಳೆಯಬಹುದು, ಸವಾರಿಯನ್ನು ಅಳೆಯಲಾರದು. ಗೆದ್ದವರು ಏರುವ ಮುನ್ನ ಕುದುರೆಯನ್ನು ಸಾಕಿದವನನ್ನು ಒಂದು ಮಾತು ಕೇಳುವುದು ಟ್ರಸ್ಟಿನವರಿಗೆ ಕಷ್ಟವಲ್ಲ. ಅವನಿಗೆ ಹೇಳಲು ಧೈರ್ಯ ಬರುವಂತೆ ಬಾಡಿಗೆಯನ್ನು ಮೊದಲೇ ಕೊಟ್ಟಿರಬೇಕು. ಅವನು ಬೇಡವೆಂದರೆ ಸವಾಲು ಹಿಡಿದವರು ಮಂಗಲಕಲಶ ಹಿಡಿದು ಕುದುರೆಯ ಮುಂದೆ ನಡೆಯಬಹುದು. ಕಾಣಿಕೆಯ ಪುಸ್ತಕದಲ್ಲಿ ಒಂದು ರೂಪಾಯಿಯೂ ಕಡಿಮೆಯಾಗುವುದಿಲ್ಲ.