ನಕ್ಷೆಯ ಗೆರೆ, ನದಿಯ ದಾರಿ

ಒಮ್ಮೆ ಅಳೆದದ್ದು ಎಂದೆಂದಿಗೂ ನಿಜವೇ? ಬಂಗಾಳದ ಹಳೆಯ ನಕ್ಷೆಗಳು ನನ್ನಲ್ಲಿ ಈ ಪ್ರಶ್ನೆ ಎಬ್ಬಿಸುತ್ತವೆ. ಗಂಗಾ-ಬ್ರಹ್ಮಪುತ್ರಾ ನದಿಗಳ ಮುಖಜಭೂಮಿಯನ್ನು ಜೇಮ್ಸ್ ರೆನೆಲ್ 1764ರಿಂದ ವರ್ಷಗಟ್ಟಲೆ ಅಳೆದ. ಅವನ ನಕ್ಷೆಯಲ್ಲಿ ಬ್ರಹ್ಮಪುತ್ರಾ ಮೈಮನ್‌ಸಿಂಗ್ ಬದಿಯಲ್ಲಿ ಹರಿಯುತ್ತದೆ. ಕೆಲವೇ ದಶಕಗಳಲ್ಲಿ ಅದರ ಮುಖ್ಯ ಪ್ರವಾಹ ಪಶ್ಚಿಮಕ್ಕೆ ಹೊರಳಿ ಜಮುನಾ ಆಯಿತು. ರೆನೆಲ್ ಸುಳ್ಳುಗಾರನೇನಲ್ಲ, ಅಂದಿಗೆ ಅದು ನಿಜವೇ. ಆದರೆ ನದಿ ಹೀಗೆ ಅಲೆಯುವ ನಾಡಿನಲ್ಲಿ ಕಂಪನಿ ಸರ್ಕಾರ 1793ರಲ್ಲಿ ಜಮೀನ್ದಾರರ ಕಂದಾಯವನ್ನು ಶಾಶ್ವತವಾಗಿ ಗೊತ್ತುಮಾಡಿತು. ಹೊಲವೇ ಹೊಳೆಪಾಲಾದ ರೈತನ ಹೆಂಡತಿ ಯಾವ ಗೆರೆ ನಂಬಿ ಒಲೆ ಹೂಡಬೇಕು?

ನಾವು ಮಾಡುವುದೂ ಇದನ್ನೇ ಅಲ್ಲವೇ? ಮನೆಗೆ ಬಂದ ಸೊಸೆಯನ್ನು ಮೊದಲ ತಿಂಗಳಲ್ಲೇ ಅಳೆದು, "ಇವಳು ಇಷ್ಟೇ" ಎಂದು ಗೆರೆ ಎಳೆದುಬಿಡುತ್ತೇವೆ. ಅಳತೆಯಿಲ್ಲದೆ ಬಾಳು ಸಾಗದು, ನಿಜ. ಮತ್ತೊಮ್ಮೆ ಅಳೆಯುವ ತಾಳ್ಮೆ ಇಲ್ಲದಿದ್ದರೆ ಮಾತ್ರ ಅದನ್ನು ನ್ಯಾಯವೆನ್ನಲು ನನಗೆ ಬಾಯಿ ಬಾರದು.