ಕೋಲುಕುರ್ಚಿಯೂ ಶ್ರಾವಕನ ವಿವೇಕವೂ

ವನಸ್ಪತಿಯು ಏಕೇಂದ್ರಿಯ ಜೀವವೆಂದು ಜಿನಾಗಮವು ಸಾರುತ್ತದೆ. ಆದುದರಿಂದ ಮರದಿಂದಾದ ಯಾವ ವಸ್ತುವೂ ಹಿಂಸೆಯಿಂದ ಪೂರ್ಣವಾಗಿ ಮುಕ್ತವಲ್ಲ. ಹಾಗಾದರೆ ಮರಗೆಲಸವೇ ನಿಷಿದ್ಧವೇ? ಆಚಾರ್ಯ ಜಿನಸೇನರ ಆದಿಪುರಾಣದಲ್ಲಿ ಭಗವಾನ್ ವೃಷಭದೇವನು ಬೋಧಿಸಿದ ಆರು ಜೀವನೋಪಾಯಗಳಲ್ಲಿ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯಗಳೊಡನೆ ಶಿಲ್ಪವೂ ಸೇರಿದೆ. ಗೃಹಸ್ಥನಿಗೆ ಉದ್ಯೋಗೀ ಹಿಂಸೆಯು ಸಂಪೂರ್ಣವಾಗಿ ತಪ್ಪುವಂತಹುದಲ್ಲ. ಅದನ್ನು ಯಾವ ಮಿತಿಯಲ್ಲಿ ನಿಲ್ಲಿಸುತ್ತಾನೆಂಬುದೇ ಅವನ ವಿವೇಕದ ಪರೀಕ್ಷೆ.

ಈ ವಿಚಾರಕ್ಕೆ ದೂರದೇಶದ ಕಸುಬೊಂದು ಒಳ್ಳೆಯ ನಿದರ್ಶನ. ಬ್ರಿಟನ್ನಿನ ಪಶ್ಚಿಮ ಭಾಗದ ವೇಲ್ಸ್ ನಾಡಿನಲ್ಲಿ ಹಿಂದೆ ರೈತರೂ ಹಳ್ಳಿಯ ಬಡಗಿಗಳೂ ತಮ್ಮ ಮನೆಬಳಕೆಗಾಗಿ 'ಸ್ಟಿಕ್ ಚೇರ್' ಎಂಬ ಕೋಲುಕುರ್ಚಿಗಳನ್ನು ಮಾಡುತ್ತಿದ್ದರು. ದಪ್ಪ ಹಲಗೆಯೊಂದೇ ಅದರ ಪೀಠ. ಹಲಗೆಗೆ ಬೈರಿಗೆಯಿಂದ ತೂತು ಕೊರೆದು ಕೆಳಗೆ ಕಾಲುಗಳನ್ನೂ ಮೇಲೆ ಬೆನ್ನಿನ ಕೋಲುಗಳನ್ನೂ ಕೂರಿಸಿ, ಕಾಲಿನ ತುದಿಗೆ ಮರದ ಬೆಣೆ ಹೊಡೆದು ಬಿಗಿಮಾಡುತ್ತಿದ್ದರು. ಬೇಲಿಯಲ್ಲಿ ಸಹಜವಾಗಿಯೇ ಬಾಗಿ ಬೆಳೆದ ಕೊಂಬೆಯು ಕೈಯಾನುವ ತೋಳಾಗುತ್ತಿತ್ತು. ಮರವನ್ನು ಅದರ ಎಳೆಯ ಗುಂಟ ಸೀಳಿದರೆ ಎಳೆ ತುಂಡಾಗುವುದಿಲ್ಲ. ಆದುದರಿಂದ ತೆಳುವಾದ ಕೋಲೂ ಗಟ್ಟಿಯಾಗಿರುತ್ತದೆ. ಮೂರು ಕಾಲಿನ ಕುರ್ಚಿಯು ಏರುತಗ್ಗಾದ ಮಣ್ಣಿನ ನೆಲದ ಮೇಲೂ ಅಲುಗದೆ ನಿಲ್ಲುತ್ತಿತ್ತು. 1948ರಲ್ಲಿ ಆರಂಭವಾದ ಸೇಂಟ್ ಫೇಗನ್ಸ್ ವಸ್ತುಸಂಗ್ರಹಾಲಯದಲ್ಲಿ ಇಂತಹ ಹಳೆಯ ಕುರ್ಚಿಗಳನ್ನು ಕಾಪಾಡಲಾಗಿದೆ. 2008ರಲ್ಲಿ ನಿಧನರಾದ ಕುರ್ಚಿಗಾರ ಜಾನ್ ಬ್ರೌನ್ 1990ರಲ್ಲಿ ಪ್ರಕಟಿಸಿದ ಗ್ರಂಥದಿಂದ ಈ ಕಸುಬಿಗೆ ಹೊಸ ಆಸಕ್ತರು ದೊರೆತರು.

ಕೈಯಿಂದ ಮಾಡಿದುದೆಂಬ ಮಾತ್ರಕ್ಕೆ ಹಿಂಸೆಯು ಅಹಿಂಸೆಯಾಗದು. ಕೊಡಲಿಯ ಪೆಟ್ಟು ಕೊಡಲಿಯ ಪೆಟ್ಟೇ. ಆದರೆ ಇಲ್ಲಿ ಅವಶ್ಯಕತೆಯು ಮೊದಲು ಬಂದಿತು, ಕಡಿತವು ಅನಂತರ. ಎಷ್ಟು ಬೇಕೋ ಅಷ್ಟೇ ತೆಗೆಯಲಾಯಿತು. ಮಾಡಿದ ವಸ್ತುವು ಮಕ್ಕಳ ಕಾಲಕ್ಕೂ ಉಳಿಯಲೆಂದು ಬಿಗಿಯಾಗಿ ಕಟ್ಟಲಾಯಿತು. ಸ್ವಾಮಿ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ನಿಷ್ಪ್ರಯೋಜನವಾದ ವನಸ್ಪತಿಛೇದನವನ್ನು ಪ್ರಮಾದಚರ್ಯೆಯೆಂಬ ಅನರ್ಥದಂಡದಲ್ಲಿ ಸೇರಿಸಿದ್ದಾರೆ. ಪ್ರಯೋಜನವೆಂಬ ಈ ಒಂದು ಮಾತಿನಲ್ಲಿ ಬಹಳ ಅರ್ಥವಿದೆ.

ಪ್ರಯೋಜನವು ಮರ ಕಡಿದ ದಿನವೇ ಪೂರ್ಣವಾಗುವುದಿಲ್ಲ. ವಸ್ತುವು ಬಳಕೆಯಲ್ಲಿರುವವರೆಗೂ ಅದು ಮುಂದುವರಿಯುತ್ತದೆ. ಗಟ್ಟಿಯಾದ ಕುರ್ಚಿಯನ್ನು ಹಳೆಯದೆಂದು ಹೊರಹಾಕಿದವನು ಹಿಂದಿನ ಕಡಿತವನ್ನು ವ್ಯರ್ಥಗೊಳಿಸುತ್ತಾನೆ, ಹೊಸ ಕಡಿತಕ್ಕೂ ಕಾರಣನಾಗುತ್ತಾನೆ. ಕೃತ, ಕಾರಿತ, ಅನುಮೋದನೆ ಎಂಬ ಮೂರು ದ್ವಾರಗಳಿಂದಲೂ ಕರ್ಮಾಸ್ರವವಾಗುವುದೆಂದು ಅರಿತ ಸಮಾಜವು, ಪಾಪವೆಲ್ಲ ಬಡಗಿಯದೆಂದೂ ಹಣ ಕೊಟ್ಟವನು ನಿರ್ಲಿಪ್ತನೆಂದೂ ಭಾವಿಸುವುದು ಸಲ್ಲದು.

ಬಸದಿಯ ಸಭಾಭವನಕ್ಕೆ ಹೊಸ ಆಸನಗಳನ್ನು ದಾನವಾಗಿ ನೀಡಲು ದಾನಿಗಳು ಮುಂದೆ ಬರುವುದು ಸಂತೋಷದ ವಿಷಯವೇ. ಆದರೂ ವಿಶ್ವಸ್ತ ಮಂಡಲಿಯು ದಾನವನ್ನು ಸ್ವೀಕರಿಸುವ ಮುನ್ನ ಉಗ್ರಾಣದಲ್ಲಿರುವ ಹಳೆಯ ಬೆಂಚುಗಳನ್ನೊಮ್ಮೆ ಪರಿಶೀಲಿಸಲಿ. ಅವುಗಳ ಸಡಿಲವಾದ ಕಾಲಿಗೆ ಬೆಣೆ ಹೊಡೆಯಿಸಿ ಬಡಗಿಗೆ ಕೂಲಿ ಕೊಡುವುದೂ ದಾನವೇ. ಆ ದಾನಿಯ ಹೆಸರು ಫಲಕದ ಮೇಲೆ ಬರದಿರಬಹುದು. ಆದರೆ ಪರಿಗ್ರಹಪರಿಮಾಣವ್ರತದ ಪಾಲನೆಗೆ ಫಲಕದ ಅವಶ್ಯಕತೆಯಿಲ್ಲ.